ಚೀಟಿ ಇಲ್ಲದ ಹಳೆಯ ಸೋಲಾರ್ ಪ್ಲೇಟುಗಳನ್ನು ಗುರುತಿಸುವುದು ಹೇಗೆ?

ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಿನ ನಮ್ಮ ಹಳ್ಳಿಗಳಿಗೆ ಸೋಲಾರ್ ಪ್ಲೇಟು ಹೊಸದಲ್ಲ. ಎರಡೂ ಊರುಗಳ ನಡುವೆ ಚಾಚಿಕೊಂಡಿರುವ ಪಾವಗಡ ತಾಲ್ಲೂಕಿನಲ್ಲಿ 2018ರಿಂದೀಚೆಗೆ ಸುಮಾರು 13,000 ಎಕರೆಯಲ್ಲಿ ಪ್ಲೇಟು ಹಾಸಿರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ನಾನು ಹೇಳಹೊರಟಿರುವುದು ಅದರ ಮಾತಲ್ಲ. ಬೋರಿನ ಪಂಪಿಗೆಂದು ಗುಜರಿ ಅಂಗಡಿಯಿಂದಲೋ ಪರಿಚಯದವರಿಂದಲೋ ಕೊಂಡು ತರುವ ಹಳೆಯ ಪ್ಲೇಟುಗಳ ಮಾತು. ಅವುಗಳ ಬೆನ್ನಿನ ಚೀಟಿ ಬಿಸಿಲು ಮಳೆಗೆ ಉದುರಿಹೋಗಿರುತ್ತದೆ. ಮಾರುವವನು ಬಾಯಿಗೆ ಬಂದಷ್ಟು ವ್ಯಾಟ್ ಹೇಳುತ್ತಾನೆ.

ಕಲ್ಯಾಣದುರ್ಗದ ಕಡೆಯ ರೈತರೊಬ್ಬರು 3 ಅಶ್ವಶಕ್ತಿಯ ಪಂಪಿಗಾಗಿ ಇಂತಹ 12 ಪ್ಲೇಟುಗಳನ್ನು ತಂದು ಒಂದೇ ಸಾಲಿನಲ್ಲಿ ಜೋಡಿಸಿದರು. "ಎಲ್ಲಾ ಒಂದೇ ಸೈಜು, ಒಂದೇ ವ್ಯಾಟು ಮೇಷ್ಟ್ರೇ. ಆದರೂ ನಡುಮಧ್ಯಾಹ್ನಕ್ಕೂ ನೀರು ಸರಿಯಾಗಿ ಎತ್ತುತ್ತಿಲ್ಲ" ಎಂದರು. ಹೋಗಿ ನೋಡಿದರೆ, ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚೌಕಟ್ಟುಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಆದರೆ ಹತ್ತು ಪ್ಲೇಟುಗಳಲ್ಲಿ ಆರಂಗುಲದ 60 ಬಿಲ್ಲೆಗಳಿದ್ದವು. ಉಳಿದೆರಡರಲ್ಲಿ ಐದಂಗುಲದ 96 ಬಿಲ್ಲೆಗಳು.

ಈ ಬಿಲ್ಲೆಗೆ ಸೆಲ್ ಎಂದು ಹೆಸರು. ಪ್ಲೇಟಿನ ಗುಟ್ಟೆಲ್ಲ ಇದರಲ್ಲಿಯೇ ಇದೆ. ಬಿಲ್ಲೆ ದೊಡ್ಡದಿರಲಿ, ಚಿಕ್ಕದಿರಲಿ, ಕೆಲಸ ಮಾಡುವಾಗ ಕೊಡುವುದು ಸುಮಾರು ಅರ್ಧ ವೋಲ್ಟ್ ಮಾತ್ರ. ಆದುದರಿಂದ ಬಿಲ್ಲೆಗಳನ್ನು ಎಣಿಸಿ ಅರ್ಧ ಮಾಡಿದರೆ ವೋಲ್ಟ್ ಸಿಕ್ಕಿತು. 36 ಬಿಲ್ಲೆಗೆ 18, 60ಕ್ಕೆ 30, 72ಕ್ಕೆ 36 ವೋಲ್ಟ್. ಆಂಪಿಯರ್ ಮಾತ್ರ ಬಿಲ್ಲೆಯ ಅಗಲವನ್ನು ಅನುಸರಿಸುತ್ತದೆ. ಐದಂಗುಲದ್ದು, ಅಂದರೆ 12.5 ಸೆಂಟಿಮೀಟರಿನದು, ಸುಮಾರು 5 ಆಂಪಿಯರ್. ಆರಂಗುಲದ್ದು, ಅಂದರೆ 15.6 ಸೆಂಟಿಮೀಟರಿನದು, ಸುಮಾರು 8. ಎರಡನ್ನೂ ಗುಣಿಸಿರಿ: 30 ವೋಲ್ಟ್, 8 ಆಂಪಿಯರ್, 240 ವ್ಯಾಟ್. ಇನ್ನೊಂದು ಬಗೆ 48 ವೋಲ್ಟ್, 5 ಆಂಪಿಯರ್. ಅದೂ 240 ವ್ಯಾಟ್! ಐದನೆಯ ತರಗತಿಯ ಹುಡುಗನೂ ಮಾಡುವ ಲೆಕ್ಕ ಇದು. ನಾವು ದೊಡ್ಡವರು ಎಣಿಸುವುದಕ್ಕೆ ಬೇಸರಪಡುತ್ತೇವೆ.

ವ್ಯಾಟ್ ಒಂದೇ ಆದ ಮೇಲೆ ತೊಂದರೆ ಏನು? ಒಂದರ ಹಿಂದೆ ಒಂದರಂತೆ ಕಟ್ಟಿದ ಸಾಲಿನಲ್ಲಿ ಎಲ್ಲ ಪ್ಲೇಟುಗಳ ಮೂಲಕ ಹರಿಯುವ ಆಂಪಿಯರ್ ಒಂದೇ. ಮೂರಂಗುಲದ ಪೈಪಿನ ನಡುವೆ ಎರಡಂಗುಲದ ತುಂಡು ಹಾಕಿದಂತೆ, 8 ಆಂಪಿಯರಿನ ಹತ್ತು ಪ್ಲೇಟುಗಳು 5ಕ್ಕೆ ಇಳಿಯುತ್ತವೆ. ಇಲ್ಲವೆ, ಬೆನ್ನಿನ ಕಪ್ಪು ಡಬ್ಬಿಯೊಳಗಿನ ಡಯೋಡುಗಳು ಆ ಎರಡು ಪ್ಲೇಟುಗಳನ್ನು ದಾಟಿಸಿಬಿಡುತ್ತವೆ. ಹೇಗಾದರೂ ಕೊಟ್ಟ ಹಣ ದಂಡ.

ಎಣಿಸುವಾಗ ಒಂದು ಎಚ್ಚರಿಕೆ. ಈಚಿನ ಪ್ಲೇಟುಗಳಲ್ಲಿ ಬಿಲ್ಲೆಯನ್ನು ಎರಡು ಹೋಳು ಮಾಡಿ, 120 ಅಥವಾ 144 ಹೋಳುಗಳನ್ನು ಎರಡು ಗುಂಪಾಗಿ ಸೇರಿಸಿರುತ್ತಾರೆ. ಅಲ್ಲಿ ಎರಡು ಹೋಳನ್ನು ಒಂದು ಬಿಲ್ಲೆಯೆಂದು ಹಿಡಿಯಬೇಕು.

ಬಣ್ಣ, ಆಕಾರಗಳೂ ಮಾತಾಡುತ್ತವೆ. ನೀಲಿ ಬಣ್ಣ, ಒಡೆದ ಕಲ್ಲುಸಕ್ಕರೆಯಂತೆ ಹೊಳೆಯುವ ಚೂರುಗಳು, ಚೌಕ ಮೂಲೆ ಇದ್ದರೆ ಅದು ಪಾಲಿ. ಕಪ್ಪಗೆ ಒಂದೇ ಸಮನಾಗಿದ್ದು ಮೂಲೆಗಳನ್ನು ಕತ್ತರಿಸಿದ್ದರೆ ಮೋನೊ. ಬಿಲ್ಲೆಯ ಮೇಲಿನ ಅಗಲವಾದ ಬೆಳ್ಳಿ ಗೀಟುಗಳು ಎರಡೇ ಇದ್ದರೆ ಪ್ಲೇಟು ಬಹಳ ಹಳೆಯದು. ಮೂರಿದ್ದರೆ ಸಾಮಾನ್ಯವಾಗಿ ಹತ್ತು ವರ್ಷ ದಾಟಿದ್ದು. ಐದು ಅಥವಾ ಹೆಚ್ಚಿದ್ದರೆ ಈಚಿನದು. ದುಂಡು ಬಿಲ್ಲೆಯದು ಸಿಕ್ಕಿದರೆ ಅದು ನಾನು ಹುಟ್ಟಿದ ಕಾಲದ್ದು, ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಚೆನ್ನು.

ಬಿಲ್ಲೆಯೇ ಕಾಣದೆ, ಕನ್ನಡಿಯಂತೆ ಕಪ್ಪಗಿದ್ದು ಸಣ್ಣ ಗೆರೆಗಳಿರುವ ಪ್ಲೇಟುಗಳೂ ಇವೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಯೋಜನೆಯ ಮೊದಲ ಹಂತದಲ್ಲಿ ಸ್ವದೇಶಿ ತಯಾರಿಕೆಯ ನಿಬಂಧನೆ ಈ ತೆಳುಪದರದ ಬಗೆಗೆ ಇರಲಿಲ್ಲವಾಗಿ, ಹೊರದೇಶದಿಂದ ಇವು ಬಹಳ ಬಂದವು. ಇವಕ್ಕೆ ಮೇಲಿನ ಲೆಕ್ಕ ಸಲ್ಲದು. ಚಿಕ್ಕ ಪ್ಲೇಟೂ 80, 90 ವೋಲ್ಟ್ ಕೊಡಬಹುದು. ಕೆಲವದರಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹವಿರುವುದರಿಂದ ಒಡೆದ ಚೂರನ್ನು ಹೊಲದಲ್ಲಿ ಬಿಡಬಾರದು.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಯಾವ ಪಂಪಿಗೂ ಜೋಡಿಸದ ಪ್ಲೇಟು ಒಳ್ಳೆಯ ಬಿಸಿಲಿನಲ್ಲಿ ಬಿಲ್ಲೆಗೆ 0.6 ವೋಲ್ಟಿನಂತೆ, 60 ಬಿಲ್ಲೆಗೆ ಸುಮಾರು 36 ತೋರಿಸಬೇಕು. ಕಾದಿದ್ದರೆ ತುಸು ಕಡಿಮೆ. 24 ಮಾತ್ರ ತೋರಿಸಿದರೆ ಮೂರರಲ್ಲಿ ಒಂದು ಭಾಗ ಸತ್ತಿದೆ ಎಂದು ತಿಳಿಯಿರಿ. ಡಬ್ಬಿಯ ಡಯೋಡ್ ಕೆಟ್ಟಿರಬಹುದು. ಬಿಲ್ಲೆಯ ಮೇಲೆ ಸುಟ್ಟ ಕಲೆ, ಬೆನ್ನಿನ ಹಾಳೆಯಲ್ಲಿ ಬಿರುಕು ಇದ್ದರೆ ಬೇಡವೇ ಬೇಡ. ಅಳೆಯುವುದು ಬಿಡಿ ಪ್ಲೇಟನ್ನು ಮಾತ್ರ. ಹನ್ನೆರಡರ ಸಾಲಿನಲ್ಲಿ 400 ವೋಲ್ಟಿಗೂ ಮೇಲಿರುತ್ತದೆ, ಅದು ಪ್ರಾಣ ತೆಗೆಯುತ್ತದೆ. ಬಿಸಿಲಿರುವಷ್ಟು ಹೊತ್ತೂ ಪ್ಲೇಟಿಗೆ ಸ್ವಿಚ್ ಎಂಬುದಿಲ್ಲ; ಪಂಪು ಓಡುವಾಗ ವೈರಿನ ಪಿನ್ನು ಎಳೆದರೆ ಆರದ ಕಿಡಿ ಹೊತ್ತುತ್ತದೆ. ಮೊದಲು ಪಂಪು ನಿಲ್ಲಿಸಿ, ಪ್ಲೇಟುಗಳ ಮೇಲೆ ದಪ್ಪ ಕಂಬಳಿ ಹೊದಿಸಿರಿ.

ಇನ್ನೊಂದು ಮಾತು. ಬೆನ್ನಿನ ಚೀಟಿ ಹೋದರೂ ಎಷ್ಟೋ ಪ್ಲೇಟುಗಳಲ್ಲಿ ಗಾಜಿನೊಳಗೆ, ಅಂಚಿನಲ್ಲಿ, ಕಪ್ಪು ಗೀಟುಗಳ ಗುರುತೂ ಅಂಕಿಯೂ ಉಳಿದಿರುತ್ತವೆ. ಅದನ್ನು ಬರೆದುಕೊಳ್ಳಿರಿ, ತಯಾರಕರ ಹೆಸರು ಗೊತ್ತಾದರೆ ಅವರನ್ನು ವಿಚಾರಿಸಬಹುದು. ಆ ಗುರುತಿನ ಮೇಲೆ ಯಾರಾದರೂ ಬಣ್ಣ ಬಳಿದಿದ್ದರೆ, ಚೀಟಿಯನ್ನು ಚಾಕುವಿನಿಂದ ಕೆರೆದಿದ್ದರೆ, ಅದು ಬಿಸಿಲು ಮಳೆಯ ಕೆಲಸವಲ್ಲ. ಬೇರೊಬ್ಬ ರೈತನ ಹೊಲದಿಂದ ಕದ್ದ ಮಾಲಿರಬಹುದು. ರಸೀದಿ ಕೇಳಿರಿ, ಕೊಡದಿದ್ದರೆ ಬಿಟ್ಟು ಬನ್ನಿರಿ.

ಕಲ್ಯಾಣದುರ್ಗದ ಆ ರೈತರು 96ರ ಎರಡು ಪ್ಲೇಟುಗಳನ್ನು ಬಿಚ್ಚಿಟ್ಟು, ಆರಂಗುಲದ 60 ಬಿಲ್ಲೆಯ ಎರಡನ್ನು ತಾವೇ ಅಂಗಡಿಯಲ್ಲಿ ಎಣಿಸಿ ತಂದರು. ಬಿಚ್ಚಿದವು ಇನ್ನೂ ಅವರ ಕೊಟ್ಟಿಗೆಯಲ್ಲಿವೆ. ಅದೇ ಬಗೆಯವು ಬೇಕಾದವರು ಸಿಕ್ಕಿದರೆ ಕೊಡುತ್ತಾರಂತೆ.