ಹೆಗಲು-ತೊಡೆಗಳ ಬಿಗಿತ: ತಪ್ಪು ವ್ಯಾಯಾಮದ್ದೇ?

ಅರವತ್ತೆಂಟು ವರ್ಷ ದಾಟಿದ ವರ್ತಕರೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆರೋಗ್ಯ ಕಾಪಾಡಿಕೊಳ್ಳುವ ಉದ್ದೇಶದಿಂದ ಅವರು ಬೆಳಗಿನ ನಡಿಗೆಯ ಜೊತೆಗೆ ತೋಳು ತಿರುಗಿಸುವ ವ್ಯಾಯಾಮವನ್ನೂ ಆರಂಭಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಎರಡೂ ಹೆಗಲುಗಳಲ್ಲಿ ನೋವು. ಮತ್ತೊಂದು ವಾರದಲ್ಲಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ. ಅಂಗಡಿಯ ಷಟರ್ ಎತ್ತಲು ಕೈ ಮೇಲೇರದು. ಗಲ್ಲಾದ ಮುಂದಿನಿಂದ ಏಳಲು ಮತ್ತೊಬ್ಬರ ಆಸರೆ ಬೇಕು. ಮಧ್ಯಾಹ್ನದ ಹೊತ್ತಿಗೆ ಎಷ್ಟೋ ವಾಸಿ, ಮರುದಿನ ಬೆಳಿಗ್ಗೆ ಮತ್ತೆ ಅದೇ ಬಿಗಿತ. ಮನೆಯವರೆಲ್ಲರ ತೀರ್ಪು ಒಂದೇ: "ಈ ವಯಸ್ಸಿನಲ್ಲಿ ವ್ಯಾಯಾಮ ಮಾಡಿ ಎಂದು ನಿಮಗೆ ಹೇಳಿದವರಾರು?"

ಈ ತೀರ್ಪು ಸರಿಯೇ ಎಂಬುದು ವಿಚಾರಾರ್ಹ. ಮೇಲಿನ ಲಕ್ಷಣಗಳು ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಕಾಯಿಲೆಯವು. 1888ರಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಬ್ರೂಸ್ ಇದನ್ನು ವೃದ್ಧರ ಸಂಧಿವಾತದ ಒಂದು ಬಗೆಯೆಂದು ವರ್ಣಿಸಿದರು. ಈಗಿನ ಹೆಸರು ಬಂದದ್ದು 1957ರಲ್ಲಿ, ಇಂಗ್ಲೆಂಡಿನ ವೈದ್ಯ ಬಾರ್ಬರ್ ಅವರಿಂದ. ಆ ಹೆಸರಿನ ಅರ್ಥ 'ಹಲವು ಸ್ನಾಯುಗಳ ನೋವು' ಎಂದಾದರೂ ಸ್ನಾಯುಗಳು ಇಲ್ಲಿ ಬಹುತೇಕ ನಿರ್ದೋಷಿಗಳು. ಉರಿಯೂತವಿರುವುದು ಹೆಗಲು ಮತ್ತು ಸೊಂಟದ ಕೀಲುಗಳ ಸುತ್ತಲಿನ ದ್ರವಚೀಲಗಳಲ್ಲಿ ಹಾಗೂ ಸ್ನಾಯುರಜ್ಜುಗಳ ಪೊರೆಗಳಲ್ಲಿ. ಐವತ್ತರೊಳಗಿನವರಲ್ಲಿ ಇದು ಕಾಣುವುದಿಲ್ಲವೆಂದೇ ಹೇಳಬಹುದು; ಎಪ್ಪತ್ತರ ಆಚೀಚೆ ಹೆಚ್ಚು. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು-ಮೂರು ಪಟ್ಟು ಅಧಿಕ. ಉತ್ತರ ಯೂರೋಪಿನ ಮೂಲದವರಲ್ಲಿ ಸಾಮಾನ್ಯವಾಗಿರುವ ಈ ರೋಗ ನಮ್ಮವರಲ್ಲಿ ಕಡಮೆ. ಕಡಮೆಯೆಂಬ ಕಾರಣಕ್ಕೇ ಅದರ ನೆನಪು ತಡವಾಗಿ ಬರುವುದೂ ಉಂಟು.

ಇದಕ್ಕೆ ನಿಶ್ಚಿತ ಕಾರಣ ಇಂದಿಗೂ ಪತ್ತೆಯಾಗಿಲ್ಲ. ವಯಸ್ಸಿನೊಂದಿಗೆ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪುವುದು ಮತ್ತು ಅನುವಂಶೀಯ ಒಲವು, ಇವೆರಡು ಭೂಮಿಕೆ. ಅದರ ಮೇಲೆ ಕಿಡಿ ಬೀಳುವುದು ಯಾವುದರಿಂದ ಎಂಬುದೇ ಚರ್ಚೆ. ಸೋಂಕುಗಳ ಮೇಲೆ ಬಹಳ ಕಾಲದಿಂದ ಸಂದೇಹವಿದೆ. 1996ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ನ್ಯುಮೋನಿಯಾ ಹರಡಿದ ಅವಧಿಗಳಲ್ಲೇ ಈ ಕಾಯಿಲೆಯೂ ಏರಿದ್ದು ಕಂಡುಬಂದಿತ್ತು. ಆದರೆ ಎಲ್ಲ ಅಧ್ಯಯನಗಳೂ ಇದನ್ನು ಸಮರ್ಥಿಸಿಲ್ಲ. ಫ್ಲೂ ಮತ್ತು ಕೋವಿಡ್ ಲಸಿಕೆಗಳ ನಂತರ ಕಾಣಿಸಿಕೊಂಡ ಬಿಡಿ ಪ್ರಕರಣಗಳು ವರದಿಯಾಗಿವೆ. ಕೋಟಿಗಟ್ಟಲೆ ಜನರಿಗೆ ಕೊಡುವ ಲಸಿಕೆಯ ನಂತರ ಕೆಲವರಲ್ಲಿ ಕಂಡದ್ದೆಲ್ಲ ಲಸಿಕೆಯಿಂದಲೇ ಬಂದಿತೆನ್ನಲಾಗದು; ಅದಕ್ಕಂಜಿ ಲಸಿಕೆ ಬಿಡುವುದು ಲಾಭದ ವ್ಯವಹಾರವಲ್ಲ. ಕ್ಯಾನ್ಸರಿಗೆ ಕೊಡುವ ಕೆಲವು ನೂತನ ರೋಗನಿರೋಧಕ ಚಿಕಿತ್ಸೆಗಳಿಂದ ಇದೇ ತೆರನ ತೊಂದರೆ ಬರುವುದು ಮಾತ್ರ ಹೆಚ್ಚು ಖಚಿತವಾಗಿದೆ.

ಇನ್ನು ವ್ಯಾಯಾಮ. ಹೊಸ ವ್ಯಾಯಾಮ, ಮನೆ ಬದಲಾವಣೆ, ಭಾರದ ಮೂಟೆ ಎತ್ತಿದ್ದು, ಹೀಗೆ ಯಾವುದಾದರೊಂದು ಶ್ರಮದ ನಂತರ ನೋವು ಬಂದಿತೆಂದು ಹೇಳುವ ರೋಗಿಗಳುಂಟು. ಆದರೆ ವ್ಯಾಯಾಮವು ಈ ರೋಗವನ್ನು ಹುಟ್ಟಿಸುತ್ತದೆಂಬುದಕ್ಕೆ ಆಧಾರ ದೊರೆತಿಲ್ಲ. ಹೆಗಲು ನೋಯತೊಡಗಿದಾಗ ಹೆಗಲಿಗೆ ಕೊಟ್ಟ ಕೆಲಸವನ್ನು ನೆನೆಯುವುದು ಮನುಷ್ಯಸಹಜ. ಮೇಲಾಗಿ, ಒಳಗೇ ಮೊಳೆತಿದ್ದ ಉರಿಯೂತವನ್ನು ಶ್ರಮವು ಹೊರಗೆಡಹಿರಲೂ ಸಾಧ್ಯ. ಲೆಕ್ಕ ತಾಳೆ ನೋಡುವಾಗ ನಷ್ಟ ಕಣ್ಣಿಗೆ ಬಿದ್ದ ದಿನವೇ ನಷ್ಟ ಆರಂಭವಾದ ದಿನವಲ್ಲವೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೂಢಿಯಿಲ್ಲದ ಶ್ರಮದ ನೋವು ಒಂದೆರಡು ದಿನಗಳಲ್ಲಿ ಏರಿ, ವಾರದೊಳಗೆ ಇಳಿಯುತ್ತದೆ. ದುಡಿದ ಭಾಗದಲ್ಲಷ್ಟೇ ಇರುತ್ತದೆ. ಇದಾದರೋ ಎರಡೂ ಪಕ್ಕಗಳಲ್ಲಿ, ಹೆಗಲು, ಕುತ್ತಿಗೆ, ಸೊಂಟ, ತೊಡೆಗಳಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಬೆಳಗಿನ ಬಿಗಿತ ಮುಕ್ಕಾಲು ಗಂಟೆಗೂ ಮೀರುತ್ತದೆ. ಆಯಾಸ, ಸಣ್ಣ ಜ್ವರ, ತೂಕ ಇಳಿಕೆಗಳೂ ಸೇರಬಹುದು. ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಸಾಮಾನ್ಯವಾಗಿ ಏರಿರುತ್ತವೆ. ಹಾಗೆಂದು ನೋವೆಲ್ಲ ಇದೇ ಎಂದು ಭಾವಿಸಬಾರದು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ, ಸಕ್ಕರೆ ಕಾಯಿಲೆಯವರ ಹೆಗಲು ಹಿಡಿತ, ಕೊಲೆಸ್ಟೆರಾಲಿನ ಸ್ಟ್ಯಾಟಿನ್ ಮಾತ್ರೆಗಳು, ಇವೆಲ್ಲ ಇದರ ವೇಷ ಹಾಕಬಲ್ಲವು. ನಮ್ಮಲ್ಲಿ ಇವೇ ಹೆಚ್ಚು.

ಅತ್ಯಂತ ಗಮನಾರ್ಹವಾದ ಅಂಶ ಬೇರೆಯೇ ಇದೆ. ಈ ರೋಗಿಗಳ ಪೈಕಿ ನೂರಕ್ಕೆ ಸುಮಾರು 10ರಿಂದ 20 ಮಂದಿಯಲ್ಲಿ ಜೈಂಟ್ ಸೆಲ್ ಆರ್ಟರೈಟಿಸ್ ಎಂಬ, ತಲೆಯ ರಕ್ತನಾಳಗಳ ಉರಿಯೂತವೂ ಜೊತೆಗೂಡುತ್ತದೆ. ಕಣತಲೆಯ ಬಳಿ ಹೊಸದಾಗಿ ಬಂದ ನೋವು, ತಲೆ ಬಾಚುವಾಗ ನೆತ್ತಿ ನೋಯುವುದು, ಊಟ ಅಗಿಯುವಾಗ ದವಡೆ ಸೋಲುವುದು, ದೃಷ್ಟಿ ಮಸುಕಾಗುವುದು ಅಥವಾ ಎರಡಾಗಿ ಕಾಣುವುದು ಇದರ ಚಿಹ್ನೆಗಳು. ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಹಬ್ಬದ ವ್ಯಾಪಾರ ಮುಗಿಯಲಿ, ತೆರಿಗೆ ರಿಟರ್ನ್ಸ್ ಸಲ್ಲಿಕೆಯಾಗಲಿ ಎಂದು ಕಾಯುವಂತಿಲ್ಲ. ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ.

ಕಣ್ಣಿನ ಅಪಾಯವಿಲ್ಲದ ಸರಳ ಪ್ರಕರಣಗಳಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯೇ ಮುಖ್ಯ ಚಿಕಿತ್ಸೆ. ದಿನಕ್ಕೆ 12.5ರಿಂದ 25 ಮಿಲಿಗ್ರಾಂ ಪ್ರಮಾಣದಲ್ಲಿ ಆರಂಭಿಸಿ, ವರ್ಷವೋ ಎರಡು ವರ್ಷವೋ ಹಿಡಿದು ಹಂತಹಂತವಾಗಿ ಇಳಿಸಲಾಗುತ್ತದೆ. ಬಹುಮಂದಿಗೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಅಪಾಯವಿರುವುದೂ ಈ ಸೊಗಸಿನಲ್ಲೇ. ಅಂಗಡಿಯಿಂದ ತಾನೇ ಮಾತ್ರೆ ತಂದು ನುಂಗುವವರು, ಹೆಸರಿಲ್ಲದ ನೋವಿನ ಪುಡಿಯನ್ನು ನಂಬುವವರು ನಮ್ಮಲ್ಲಿ ಕಡಮೆಯಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದ ಪ್ರಕರಣಗಳು ಪರೀಕ್ಷೆಗಳಿಂದ ಬಯಲಾಗಿವೆ. ಸಕ್ಕರೆ ಏರುವುದು, ರಕ್ತದೊತ್ತಡ, ಮೂಳೆ ಸವೆತ ಇವು ಸ್ಟೀರಾಯ್ಡಿನ ಬೆಲೆ. ಹಠಾತ್ತಾಗಿ ನಿಲ್ಲಿಸಿದರೆ ದೇಹ ಕುಸಿಯಬಹುದು. ಆದುದರಿಂದ ಮೊದಲೇ ಸಕ್ಕರೆ ಕಾಯಿಲೆಯಿರುವವರು ಅದನ್ನು ವೈದ್ಯರಿಗೆ ತಿಳಿಸಿ, ಮೂಳೆಯ ರಕ್ಷಣೆಯ ಬಗೆಗೂ ಕೇಳಬೇಕು.

ನಮ್ಮ ವರ್ತಕರು ನಡಿಗೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ನೋವು ತೀವ್ರವಿರುವಷ್ಟು ದಿನ ಭಾರ ಎತ್ತದೆ, ಷಟರಿನ ಕೆಲಸವನ್ನು ಹುಡುಗರಿಗೊಪ್ಪಿಸಿ, ಚಿಕಿತ್ಸೆ ಹಿಡಿದ ಮೇಲೆ ಮೊದಲು ಸಮತಟ್ಟು ನೆಲದ ನಡಿಗೆ, ಅನಂತರ ಹೆಗಲನ್ನು ಮೆಲ್ಲನೆ ಸಡಿಲಿಸುವ ಚಲನೆ ಎಂದು ಮುಂದುವರಿಯಬಹುದು. ಸ್ಟೀರಾಯ್ಡ್ ಸೇವಿಸುವವರ ಸ್ನಾಯು ಮತ್ತು ಮೂಳೆಗಳಿಗೆ ನಿಯಮಿತ ನಡಿಗೆಯ ಅಗತ್ಯ ಮೊದಲಿಗಿಂತ ಹೆಚ್ಚೇ ಇರುತ್ತದೆ.