ಮಂಗಟ್ಟೆಯನ್ನು ನೋಡಲು ಹೋಗುವ ಮುನ್ನ

ಅಡಿಕೆ ಮಾರಲೆಂದೋ, ಗೊಬ್ಬರ, ಮೈಲುತುತ್ತು ಒಯ್ಯಲೆಂದೋ ಮಂಗಳೂರಿಗೆ ಬಂದುಹೋಗುವುದು ನಮಗೆಲ್ಲ ರೂಢಿ. ನೆಂಟರ ಮನೆಯ ಮದುವೆಗೆ, ದೇವರ ದರ್ಶನಕ್ಕೆ ಇನ್ನೂ ದೂರ ಹೋಗುತ್ತೇವೆ. ಆದರೆ ಒಂದು ಹಕ್ಕಿಯನ್ನು ನೋಡುವುದಕ್ಕಾಗಿ ಮಂಗಳೂರಿನಿಂದ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ ಹೋಗುವುದೆಂದರೆ ನಮ್ಮಲ್ಲಿ ಹಲವರಿಗೆ ನಗು ಬಂದೀತು. ಹಾಗೆ ಹೋಗುವವರು ಇದ್ದಾರೆ. ಉತ್ತರ ಕನ್ನಡದ ದಾಂಡೇಲಿ, ಗಣೇಶಗುಡಿಗಳಿಗೆ ಬೆಂಗಳೂರಿನಿಂದ, ಮುಂಬಯಿಯಿಂದ, ಹೊರದೇಶಗಳಿಂದಲೂ ಜನ ಬಂದು ಮರದಡಿಯಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಅವರು ಕಾಯುವ ಹಕ್ಕಿಗಳಲ್ಲಿ ಮುಖ್ಯವಾದುದು ದೊಡ್ಡ ಮಂಗಟ್ಟೆ. ಆ ಹಕ್ಕಿಯ ಬದುಕು ಎಂಥದು, ನೋಡಲು ಹೋಗುವ ಕ್ರಮವೇನು, ತೋಟಗಾರರಾದ ನಮಗೆ ಅದರಲ್ಲಿ ಕಲಿಯಲು ಏನಿದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹಕ್ಕಿಯ ಪರಿಚಯ

ಪಶ್ಚಿಮ ಘಟ್ಟದಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ದಾಂಡೇಲಿಯ ಸುತ್ತಮುತ್ತ ನಾಲ್ಕೂ ಕಾಣಸಿಗುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಈ ಹಕ್ಕಿ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಮೂರರಿಂದ ನಾಲ್ಕು ಅಡಿ ಉದ್ದವಿರುತ್ತದೆ. ಹಳದಿ ಕೊಕ್ಕು, ಅದರ ಮೇಲೊಂದು ಕೊಂಬಿನಂಥ ಶಿರಸ್ತ್ರಾಣ, ಕಪ್ಪು ಬಿಳುಪಿನ ಮೈ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಹಾರುವಾಗ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ ದೂರದಿಂದಲೇ ಕೇಳಿಸುತ್ತದೆ. ನೆರೆಯ ಕೇರಳಕ್ಕೆ ಇದು ರಾಜ್ಯಪಕ್ಷಿ. ಅಳಿವಿನ ಅಪಾಯವನ್ನು ಅಳೆಯುವ ಅಂತಾರಾಷ್ಟ್ರೀಯ ಸಂಸ್ಥೆಯು 2018ರಲ್ಲಿ ಇದನ್ನು ಹಿಂದಿನದಕ್ಕಿಂತ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿತು.

ಈ ಹಕ್ಕಿ ವಿರಳವಾಗಲು ಕಾರಣವನ್ನು ಅದರ ಗೂಡಿನಲ್ಲೇ ಕಾಣಬಹುದು. ಮರಕುಟಿಗನಂತೆ ಮರ ಕೊರೆಯಲು ಇದಕ್ಕೆ ಬಾರದು. ಮುದಿಮರದಲ್ಲಿ ತಾನಾಗಿ ಆದ ದೊಡ್ಡ ಪೊಟರೆಯೇ ಬೇಕು. ಹೆಣ್ಣು ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆಯನ್ನೇ ಗಾರೆಯಂತೆ ಮೆತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಅಲ್ಲಿ ಒಂದೋ ಎರಡೋ ಮೊಟ್ಟೆಯಿಟ್ಟು ಸುಮಾರು ನಲವತ್ತು ದಿನ ಕಾವು ಕೂರುತ್ತದೆ. ಹಾರುವ ಗರಿಗಳನ್ನೂ ಒಳಗೇ ಉದುರಿಸಿಕೊಳ್ಳುತ್ತದೆ. ಮರಿ ಹಾರುವವರೆಗೆ ಎಲ್ಲ ಸೇರಿ ಸುಮಾರು ನಾಲ್ಕು ತಿಂಗಳ ಕೆಲಸ. ಹೆಣ್ಣು ಒಳಗಿರುವಷ್ಟು ಕಾಲ ಹಣ್ಣು ತಂದುಣಿಸುವ ಹೊರೆ ಗಂಡಿನದು. ಗಂಡು ಸತ್ತರೆ ಅಥವಾ ಬೆದರಿ ದೂರವಾದರೆ ಒಳಗಿನ ಜೀವಗಳಿಗೂ ಉಪವಾಸವೇ. ಇಷ್ಟೆಲ್ಲ ಆಗಿ ವರ್ಷಕ್ಕೆ ಹಾರಿಹೋಗುವುದು ಸಾಮಾನ್ಯವಾಗಿ ಒಂದೇ ಮರಿ. ಒಳ್ಳೆಯ ಪೊಟರೆ ಸಿಕ್ಕರೆ ಜೋಡಿಯು ವರ್ಷವರ್ಷವೂ ಅದಕ್ಕೇ ಬರುತ್ತದೆ. ಆದುದರಿಂದ ಅಂಥ ಒಂದು ಮರ ಉರುಳಿದರೆ ಹಲವು ವರ್ಷಗಳ ಸಂತಾನಕ್ಕೇ ಧಕ್ಕೆ.

ಹೋಗುವ ದಾರಿ, ನೋಡುವ ಕ್ರಮ

ಮಂಗಳೂರಿನಿಂದ ಕಾರವಾರದವರೆಗೆ ರೈಲಿದೆ. ಅಲ್ಲಿಂದ ಕದ್ರಾ, ಅಣಶಿ, ಜೋಯಿಡಾ ಮಾರ್ಗವಾಗಿ ಘಾಟಿ ಹತ್ತಿದರೆ ಗಣೇಶಗುಡಿ, ಮುಂದೆ ದಾಂಡೇಲಿ. ಸ್ವಂತ ವಾಹನವಿದ್ದವರು ಅಂಕೋಲೆಯಿಂದ ಯಲ್ಲಾಪುರದ ಮೇಲೂ ಹೋಗಬಹುದು. ಮಳೆಗಾಲದಲ್ಲಿ ಘಾಟಿ ರಸ್ತೆಯ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಕಾಳಿ ನದಿಯ ಆಸುಪಾಸಿನ ಕಾಡನ್ನು ಸರ್ಕಾರವು 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಪಕ್ಕದ ದಾಂಡೇಲಿ–ಅಣಶಿ ಹುಲಿ ಅಭಯಾರಣ್ಯಕ್ಕೆ 2015ರಿಂದ ಕಾಳಿ ಎಂದು ಹೆಸರು.

ನವೆಂಬರಿನಿಂದ ಮಾರ್ಚಿನವರೆಗೆ ಹೋಗಲು ಅನುಕೂಲ. ಕಾಫಿ ಕೊಯ್ಲು ಮುಗಿಸಿ ಮಾರ್ಚಿನಲ್ಲಿ ಹೊರಡುವವರು ಅದು ಗೂಡಿನ ಕಾಲವೆಂಬುದನ್ನು ನೆನಪಿಡಬೇಕು. ಆಗ ಕಣ್ಣಿಗೆ ಬೀಳುವುದು ಹೆಚ್ಚಾಗಿ ಗಂಡೇ. ನೋಡುವವರು ಈ ಕೆಳಗಿನ ಸಂಗತಿಗಳನ್ನು ಪಾಲಿಸಿದರೆ ಉತ್ತಮ.

1. ಹಕ್ಕಿಯನ್ನು ಹುಡುಕಿ ಅಲೆಯುವುದಕ್ಕಿಂತ ಹಣ್ಣು ಬಿಟ್ಟ ಆಲ, ಗೋಳಿ, ಬಸರಿ ಮರವನ್ನು ಹುಡುಕಿ, ಬೆಳಗ್ಗೆ ಬೇಗನೆ ಹೋಗಿ ದೂರದಲ್ಲಿ ಕುಳಿತಿರಿ.

2. ಕಡುಬಣ್ಣದ ಉಡುಪು ಬೇಡ, ಗಟ್ಟಿ ಮಾತು ಬೇಡ. ದುರ್ಬೀನೊಂದು, ಬರೆದಿಡಲು ಪುಸ್ತಕವೊಂದು ಇದ್ದರೆ ಸಾಕು.

3. ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯಬೇಡಿ. ಗೂಡಿನ ಮರದ ಬುಡಕ್ಕೆ ಹೋಗಬೇಡಿ; ಜನ ಸುತ್ತುವರಿದರೆ ಗಂಡು ಹಣ್ಣು ತಂದರೂ ಉಣಿಸದೆ ಹಿಂದಿರುಗಬಹುದು.

4. ಕಾಡಿನೊಳಗೆ ಹೋಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನೂ ಸ್ಥಳದ ಮಾರ್ಗದರ್ಶಕರನ್ನೂ ಪಡೆಯಿರಿ.

5. ಎರಡು ದಿನ ಕಾದರೂ ಕಾಣದೆ ಹೋಗಬಹುದು. ಅದಕ್ಕೆ ಸಿದ್ಧರಾಗಿಯೇ ಹೊರಡಬೇಕು.

ನಮ್ಮ ತೋಟಕ್ಕೂ ಇದಕ್ಕೂ ಏನು ಸಂಬಂಧ?

ದಾಂಡೇಲಿಯಲ್ಲಿ ಜನರು ಯಾವ ಮರದಡಿ ಕಾಯುತ್ತಾರೋ ಅದೇ ಜಾತಿಯ ಮರಗಳು ನಮ್ಮ ಕಾಫಿ ತೋಟದ ನೆರಳಿನಲ್ಲಿವೆ, ಅಡಿಕೆ ತೋಟದ ಅಂಚಿನಲ್ಲಿವೆ. ಅತ್ತಿ, ಬಸರಿ, ಗೋಳಿಗಳನ್ನು ನಮ್ಮ ಹಿರಿಯರು ಒಳ್ಳೆಯ ನೆರಳಿನ ಮರಗಳೆಂದೇ ಉಳಿಸಿದವರು.

ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿ ಡಾ. ಸುಭಾಷ್‌ಚಂದ್ರನ್, ಡಾ. ರಂಜಿತ್ ಡೇನಿಯಲ್ಸ್ ಮೊದಲಾದವರು ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆ ಸೀಮೆಯ ಕಾಡುಹಕ್ಕಿ ಜಾತಿಗಳಲ್ಲಿ ಶೇಕಡಾ 90ರಷ್ಟಕ್ಕೆ ಅಡಿಕೆ ತೋಟದ ವ್ಯವಸ್ಥೆ ಆಸರೆಯಾಗಿದೆ ಎಂಬುದು ಅದರಲ್ಲಿ ಕಂಡುಬಂದ ಸಂಗತಿ. ತೋಟಕ್ಕೆ ಸೊಪ್ಪು, ತರಗೆಲೆ ಬೇಕಾದುದರಿಂದ ಸುತ್ತಲಿನ ಕಾಡನ್ನು ಬೆಳೆಗಾರರು ಉಳಿಸಿಕೊಂಡದ್ದೇ ಇದಕ್ಕೆ ಒಂದು ಮುಖ್ಯ ಕಾರಣ. ಸೊಪ್ಪಿನ ಬೆಟ್ಟ ಬೋಳಾದರೆ ಈ ಲೆಕ್ಕ ನಿಲ್ಲಲಾರದು. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳ ಬಗ್ಗೆ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಾಡನ್ನೇ ಅವಲಂಬಿಸಿದ 79 ಜಾತಿಯ ಹಕ್ಕಿಗಳು ತೋಟಗಳಲ್ಲಿ ಕಂಡುಬಂದವು. ವಿರಳವಾದ ನೀಲಗಿರಿ ಕಾಡುಪಾರಿವಾಳ ಅವುಗಳಲ್ಲೊಂದು. ಅರೇಬಿಕಾ ಮಾತ್ರವಲ್ಲದೆ ರೋಬಸ್ಟಾ ತೋಟವೂ ಹಕ್ಕಿಗಳಿಗೆ ಆಶ್ರಯವಾಗಬಲ್ಲದೆಂದು ಅದು ತೋರಿಸಿತು.

ಹಾಗೆಂದು ಬೆಳೆಗಾರನ ಕಷ್ಟವನ್ನು ಮರೆತು ಮಾತಾಡುವುದು ಸರಿಯಲ್ಲ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಷ್ಟಕಾಲದಲ್ಲಿ ಮಾರಿದರೆ ಕೈಗೆ ನಾಲ್ಕು ಕಾಸು. ಬಸರಿಯಿಂದ ಅಂಥ ಆದಾಯವಿಲ್ಲ. ಮರಗಸಿಗೆ ಆಳೂ ಹೆಚ್ಚು ಬೇಕು. ಆದರೆ ಇಡೀ ತೋಟದ ನೆರಳು ಒಂದೇ ಜಾತಿಯ ಮರಕ್ಕೆ ಬಂದು ನಿಂತರೆ ಅಲ್ಲಿ ಮಂಗಟ್ಟೆಗೆ ಹಣ್ಣೂ ಇಲ್ಲ, ಪೊಟರೆಯೂ ಇಲ್ಲ. ಮಂಗಟ್ಟೆ ಬಾರದ ಕಡೆ ರಾಮಪತ್ರೆ, ರಾಳಧೂಪದಂಥ ದೊಡ್ಡ ಬೀಜದ ಮರಗಳು ಹೊಸ ಜಾಗದಲ್ಲಿ ಹುಟ್ಟುವುದೂ ಕಡಿಮೆಯಾಗುತ್ತದೆ. ಅಷ್ಟು ದೊಡ್ಡ ಹಣ್ಣು ನುಂಗಿ ಬೀಜವನ್ನು ದೂರ ಒಯ್ದು ಉಗುಳಬಲ್ಲ ಹಕ್ಕಿಗಳು ಕಾಡಿನಲ್ಲಿ ಕೆಲವೇ.

ಮಾಡಬಹುದಾದ ಕೆಲಸ

ಎಲ್ಲ ಮರವನ್ನೂ ಉಳಿಸಿ ಎಂದು ನಾವು ಹೇಳುತ್ತಿಲ್ಲ. ಈ ಸಲ ಮಳೆಗೆ ಮುಂಚೆ ಮರಗಸಿ ಮಾಡಿಸುವಾಗ ಆಳುಗಳ ಜೊತೆ ಒಂದು ಸುತ್ತು ಹೋಗಿ, ಹಣ್ಣು ಬಿಡುವ ಅತ್ತಿ, ಗೋಳಿ, ಬಸರಿ ಎಷ್ಟಿವೆ, ಪೊಟರೆಯಿರುವ ಮುದಿಮರ ಎಷ್ಟಿವೆ ಎಂದು ಎಣಿಸಿ ಬರೆದಿಡಿ. ಅವುಗಳಿಗೆ ಸುಣ್ಣದ ಗುರುತು ಹಾಕಿ. ಗುರುತಿನ ಮರದ ಕೊಂಬೆ ಸವರಿದರೂ ಬುಡಕ್ಕೆ ಕೊಡಲಿ ಬೀಳದಿರಲಿ. ಮನೆಗೂ ಆಳುಗಳಿಗೂ ಅಪಾಯವಿಲ್ಲದ ಕಡೆ ಪೊಟರೆಯ ಮರವನ್ನು ಹಾಗೆಯೇ ಬಿಡಿ. ಹೊಸದಾಗಿ ನೆರಳಿಗೆ ಗಿಡ ಇಡುವಾಗ ಸಿಲ್ವರ್ ಓಕಿನ ನಡುವೆ ನಾಲ್ಕು ಕಾಡುಜಾತಿಯವೂ ಇರಲಿ.

ಅನುಕೂಲವಿದ್ದವರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಗಣೇಶಗುಡಿಗೆ ಹೋಗಿಬನ್ನಿ. ಕೆಂಪು ಕಣ್ಣಿನ ಗಂಡು ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು ಬರುವುದನ್ನು ಕಂಡವರಿಗೆ ತಮ್ಮ ತೋಟದ ಬಸರಿಮರದ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಗಲಾಗದವರು ಗೋಳಿಹಣ್ಣಿನ ಕಾಲದಲ್ಲಿ ತಮ್ಮ ತೋಟದಲ್ಲೇ ಬೆಳಗಿನ ಒಂದು ಗಂಟೆ ಕುಳಿತು ನೋಡಿ, ಕಂಡ ಹಕ್ಕಿಗಳನ್ನು ದಿನಾಂಕದೊಡನೆ ಬರೆದಿಡಿ.