ಗೊದಾಯ್ದೋ ಗುಡಿಗೆ ಹೋಗುವವರು ಮಾಡಬೇಕಾದ್ದು, ಮಾಡಬಾರದ್ದು

ಜಪಾನಿನ ಈಶಾನ್ಯಕ್ಕೆ, ಮಿಯಾಗಿ ಪ್ರಾಂತ್ಯದ ಮತ್ಸುಶಿಮಾ ಕೊಲ್ಲಿಯ ದಡಕ್ಕೆ ತಾಗಿದಂತಿರುವ ಪುಟ್ಟ ಬಂಡೆಯ ಮೇಲೆ ಗೊದಾಯ್ದೋ ಎಂಬ ಬೌದ್ಧ ಗುಡಿ ಇದೆ. ಮೂರು ಅಂಕಣದ ಚೌಕ, ಬಣ್ಣ ಹಚ್ಚದ ಮರ, ನಾಲ್ಕು ಕಡೆಯಿಂದಲೂ ಏರಿ ಒಂದೇ ತುದಿಗೆ ಕೂಡುವ ಹೆಂಚಿನ ಮಾಡು. ಈಗಿನ ಕಟ್ಟಡವನ್ನು ಸೆಂಡೈನ ದೊರೆ ದಾತೆ ಮಸಮುನೆ 1604ರಲ್ಲಿ ಕಟ್ಟಿಸಿದ. ಸ್ಥಳದ ಕಥೆ 807ರಷ್ಟು ಹಿಂದಕ್ಕೆ ಹೋಗುತ್ತದೆ. ಹತ್ತಿರದ ಜುಯಿಗಾಂಜಿ ಮಠಕ್ಕೆ ಸೇರಿದ ಗುಡಿ ಇದು. ಪಕ್ಕದಲ್ಲೇ ದ್ವೀಪಗಳನ್ನು ತೋರಿಸುವ ದೋಣಿಗಳ ಕಟ್ಟೆ ಇರುವುದರಿಂದ, ಬಂದವರಲ್ಲಿ ಬಹಳ ಮಂದಿ ದೋಣಿಗೆ ಕಾಯುವ ಹೊತ್ತಿನಲ್ಲಿ ಓಡಿಬಂದು, ನಾಲ್ಕು ಫೋಟೋ ತೆಗೆದು ಓಡಿಹೋಗುತ್ತಾರೆ. ಕೆಲಸಕ್ಕೆಂದೋ ಪ್ರವಾಸಕ್ಕೆಂದೋ ಜಪಾನಿಗೆ ಹೋಗುವ ಕನ್ನಡಿಗರು ಹಾಗೆ ಮಾಡಬಾರದೆಂದು ಈ ಸೂಚನೆ.

ಸೆಂಡೈನಿಂದ ಸೆನ್‌ಸೆಕಿ ಮಾರ್ಗದ ರೈಲು ಹಿಡಿಯಿರಿ. ಸುಮಾರು 40 ನಿಮಿಷದ ದಾರಿ. ಇಳಿಯಬೇಕಾದ ನಿಲ್ದಾಣ ಮತ್ಸುಶಿಮಾ-ಕೈಗಾನ್. ಬರೀ ‘ಮತ್ಸುಶಿಮಾ’ ಎಂಬ ಹೆಸರಿನ ನಿಲ್ದಾಣ ಬೇರೆ ಮಾರ್ಗದಲ್ಲಿದೆ, ಗುಡಿಗೆ ಅದು ದೂರ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಸಂಜೆ ಹೊರಬಾಗಿಲು ಹಾಕುತ್ತಾರೆ. ಹಾಕಿದ ಮೇಲೆ ದಾಟಿ ಒಳಗೆ ಹೋಗಕೂಡದು.

ಸೇತುವೆಯ ಮೇಲೆ ನಿಧಾನವಾಗಿ ನಡೆಯಿರಿ. ಗುಡಿಗೆ ಮುಟ್ಟಿಸುವ ಕೆಂಪು ಸೇತುವೆಯ ಹಲಗೆಗಳ ನಡುವೆ ಸಂದು ಬಿಟ್ಟಿದ್ದಾರೆ; ಕಾಲ ಕೆಳಗೆ ಸಮುದ್ರ ಕಾಣುತ್ತದೆ. ಬೇಕೆಂದೇ ಮಾಡಿದ್ದು ಅದು. ದೇವರ ಮುಂದೆ ಹೋಗುವವರು ಹೆಜ್ಜೆ ನೋಡಿಕೊಂಡು, ಮೈಮನಸ್ಸನ್ನು ಒಂದು ಹದಕ್ಕೆ ತಂದುಕೊಂಡು ಬರಲಿ ಎಂಬುದು ಅದರ ಉದ್ದೇಶ ಎನ್ನುತ್ತಾರೆ. ಹಾಗಾಗಿ ಅಲ್ಲಿ ಮೊಬೈಲ್ ನೋಡುತ್ತ ನಡೆಯಬೇಡಿ, ಓಡಬೇಡಿ, ಸೇತುವೆಯನ್ನು ಅಲುಗಾಡಿಸಿ ಜೊತೆಯವರನ್ನು ಹೆದರಿಸಬೇಡಿ. ಸಣ್ಣ ಮಕ್ಕಳ ಕೈ ಹಿಡಿದೇ ದಾಟಿಸಿ. ಎತ್ತರ ಹಿಮ್ಮಡಿಯ ಚಪ್ಪಲಿ ಬೇಡ. ಮಗುವಿನ ಗಾಡಿ ತರಬೇಡಿ, ಮಗುವನ್ನು ಎತ್ತಿಕೊಳ್ಳಿ. ಮಳೆಯಲ್ಲಿ ಮರ ಜಾರುತ್ತದೆ. ಹಿಂದೆ ಜನ ಕಾಯುತ್ತಿದ್ದರೆ ನಡುಸೇತುವೆಯಲ್ಲಿ ನಿಂತು ಫೋಟೋ ತೆಗೆಯುವುದು ತಪ್ಪು.

ಮುಚ್ಚಿದ ಬಾಗಿಲನ್ನು ಮುಚ್ಚಿದ್ದಂತೆಯೇ ಬಿಡಿ. ಇದನ್ನು ಒತ್ತಿ ಹೇಳಬೇಕಾಗಿದೆ. ಒಳಗಿರುವುದು ಐವರು ವಿದ್ಯಾರಾಜರ ಮೂರ್ತಿಗಳು: ನಡುವೆ ಅಚಲ, ಸುತ್ತ ತ್ರೈಲೋಕ್ಯವಿಜಯ, ಕುಂಡಲಿ, ಯಮಾಂತಕ, ವಜ್ರಯಕ್ಷ. ಹೆಸರುಗಳೇ ಹೇಳುವಂತೆ ನಮ್ಮ ನೆಲದಿಂದ ಹೊರಟು ಚೀನಾದ ಮೂಲಕ ಅಲ್ಲಿಗೆ ತಲುಪಿದ ಉಗ್ರ ದೇವತೆಗಳು. ಒಂಬತ್ತನೆಯ ಶತಮಾನದಲ್ಲಿ ಎನ್ನಿನ್ ಎಂಬ ಭಿಕ್ಷು ಇವರನ್ನು ಇಲ್ಲಿ ನೆಲೆಗೊಳಿಸಿದ ಎಂಬ ನಂಬಿಕೆ ಇದೆ. ಈ ಮೂರ್ತಿಗಳ ದರ್ಶನ 33 ವರ್ಷಕ್ಕೊಮ್ಮೆ ಮಾತ್ರ. ಕಳೆದ ಸಲ ಬಾಗಿಲು ತೆರೆದದ್ದು 2006ರಲ್ಲಿ, ಮುಂದಿನದು 2039ರಲ್ಲಿ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬೆಯ ಬಾಗಿಲಿಗಾಗಿ ಕಾದವರಿಗೆ ಇದರ ಬೆಲೆ ತಿಳಿಸಿ ಹೇಳಬೇಕಿಲ್ಲ. ಆದ್ದರಿಂದ ಸಂದಿನಲ್ಲಿ ಇಣುಕಬೇಡಿ, ಮೊಬೈಲಿನ ದೀಪ ಹಾಯಿಸಬೇಡಿ, ಕ್ಯಾಮೆರಾವನ್ನು ಜಾಲರಿಗೆ ಒತ್ತಿ ಹಿಡಿಯಬೇಡಿ. ದೂರದಿಂದ ಬಂದಿದ್ದೇವೆ, ಸ್ವಲ್ಪ ತೆಗೆದು ತೋರಿಸಿ ಎಂದು ಯಾರನ್ನೂ ಕೇಳಬೇಡಿ. ಅಲ್ಲಿಯವರೇ ಅರ್ಧ ಆಯುಷ್ಯ ಕಾಯುತ್ತಾರೆ. ‘ಏನೂ ಕಾಣಿಸಲಿಲ್ಲ’ ಎಂದು ಗೊಣಗುತ್ತ ಹಿಂತಿರುಗುವವರ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಮುಚ್ಚಿದ ಬಾಗಿಲ ಮುಂದೆ ನಿಂತು ಕೈಮುಗಿಯುವುದೇ ಇಲ್ಲಿಯ ಪೂಜೆ. ಶತಮಾನಗಳಿಂದ ಬೆಸ್ತರೂ ಯಾತ್ರಿಕರೂ ಅದನ್ನೇ ಮಾಡಿದ್ದಾರೆ.

ಕೈಮುಗಿಯುವ ಕ್ರಮವೂ ತಿಳಿದಿರಲಿ. ಮುಂದಿರುವ ಕಾಣಿಕೆ ಪೆಟ್ಟಿಗೆಗೆ ನಾಣ್ಯವನ್ನು ಮೆಲ್ಲಗೆ ಬಿಡಿ. ದೂರ ನಿಂತು ಎಸೆಯಬೇಡಿ. ಎರಡೂ ಅಂಗೈ ಕೂಡಿಸಿ, ಸದ್ದಿಲ್ಲದೆ ತಲೆಬಾಗಿ. ಚಪ್ಪಾಳೆ ತಟ್ಟಬೇಡಿ. ಚಪ್ಪಾಳೆ ತಟ್ಟಿ ನಮಿಸುವುದು ಶಿಂಟೋ ದೇಗುಲಗಳ ಪದ್ಧತಿ, ಬೌದ್ಧ ಗುಡಿಯಲ್ಲಿ ಅದು ಸಲ್ಲದು. ಇನ್ನೊಬ್ಬರು ಪ್ರಾರ್ಥಿಸುತ್ತಿರುವಾಗ ಅವರ ಮುಂದೆ ಹಾದುಹೋಗಬೇಡಿ, ಅವರ ಫೋಟೋ ತೆಗೆಯಲೇಬೇಡಿ.

ಬೆಂಕಿ ಬೇಡ, ಎಣ್ಣೆ ಬೇಡ, ಯಾವ ರೂಪದಲ್ಲೂ ಬೇಡ. ಕರ್ಪೂರ, ಊದುಬತ್ತಿ, ಎಣ್ಣೆದೀಪ ಮನೆಯಿಂದ ಒಯ್ಯಬೇಡಿ. ಮರಕ್ಕೆ ಅರಿಶಿನ ಕುಂಕುಮ ಹಚ್ಚಬೇಡಿ, ತೆಂಗಿನಕಾಯಿ ಒಡೆಯಬೇಡಿ. ಸಿಗರೇಟನ್ನಂತೂ ಸೇತುವೆಯ ಈಚೆಯೇ ಮರೆತುಬಿಡಿ. ಭಕ್ತಿಯಿಂದ ಮಾಡುತ್ತೇವೆ ಎಂಬ ಸಮಾಧಾನ ಇಲ್ಲಿ ನಡೆಯದು. 1949ರ ಜನವರಿ 26ರಂದು ನಾರಾ ಪ್ರಾಂತ್ಯದ ಹೊರ್ಯೂಜಿ ಮಂದಿರದಲ್ಲಿ ಬೆಂಕಿ ಬಿದ್ದು, ಸಾವಿರ ವರ್ಷಕ್ಕೂ ಹಳೆಯ ಭಿತ್ತಿಚಿತ್ರಗಳು ಸುಟ್ಟುಹೋದವು. ಮರುವರ್ಷ ಕ್ಯೋಟೋದ ಚಿನ್ನದ ಮಂಟಪ ಕಿಂಕಾಕುಜಿ ಬೂದಿಯಾಯಿತು. ಆ ವರ್ಷವೇ, 1950ರಲ್ಲಿ, ಜಪಾನ್ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಗೆ ಕಾಯಿದೆ ತಂದಿತು. ಜನವರಿ 26ನ್ನು ಇಂದಿಗೂ ಸಾಂಸ್ಕೃತಿಕ ಆಸ್ತಿಗಳ ಅಗ್ನಿರಕ್ಷಣಾ ದಿನವಾಗಿ ಪಾಲಿಸುತ್ತಾರೆ. 2015ರಲ್ಲಿ ತೊದಾಯ್ಜಿಯೂ ಸೇರಿ ಹಲವು ಮಂದಿರಗಳಲ್ಲಿ ಯಾರೋ ಎಣ್ಣೆಯಂಥ ದ್ರವ ಸಿಂಪಡಿಸಿದ್ದು ಬೆಳಕಿಗೆ ಬಂದಾಗ ದೇಶವೇ ಕಳವಳಗೊಂಡಿತ್ತು. ಗೊದಾಯ್ದೋ ಕೂಡ ಕಾಯಿದೆಯ ರಕ್ಷಣೆಯಲ್ಲಿರುವ ಮಹತ್ವದ ಸಾಂಸ್ಕೃತಿಕ ಆಸ್ತಿ. ನೀವು ಹಚ್ಚಿದ ಒಂದು ಹನಿ ಎಣ್ಣೆಯೂ ಅಲ್ಲಿ ಅಪರಾಧದ ಕುರುಹಾಗಿ ಕಾಣುತ್ತದೆ.

ಮರವನ್ನು ಮುಟ್ಟಬೇಡಿ, ಒರಗಬೇಡಿ, ಜಗಲಿಯ ಮೇಲೆ ಕುಳಿತು ತಿನ್ನಬೇಡಿ. ಕಂಬದ ಮೇಲೆ ಹೆಸರು ಕೆತ್ತುವ ಚಟ ನಮ್ಮ ಕೋಟೆಗಳನ್ನೂ ಗುಡಿಗಳನ್ನೂ ಎಷ್ಟು ಕೆಡಿಸಿದೆ ಎಂದು ಎಲ್ಲರಿಗೂ ಗೊತ್ತು. ಆ ಚಟವನ್ನು ವಿಮಾನ ಹತ್ತಿಸಬೇಡಿ.

ಸುತ್ತ ನಡೆದು, ತಲೆಯೆತ್ತಿ ನೋಡಿ. ನೋಡಲೇಬೇಕಾದ್ದು ಸೂರಿನ ಕೆಳಗಿದೆ. ಒಂದೊಂದು ಮಗ್ಗುಲಿಗೆ ಮೂರರಂತೆ ಅಲ್ಲಿಯ ರಾಶಿಚಕ್ರದ ಹನ್ನೆರಡು ಪ್ರಾಣಿಗಳನ್ನು ಅವವುಗಳ ದಿಕ್ಕಿಗೆ ಸರಿಯಾಗಿ ಕೆತ್ತಿದ್ದಾರೆ: ಉತ್ತರಕ್ಕೆ ಇಲಿ, ಪೂರ್ವಕ್ಕೆ ಮೊಲ, ದಕ್ಷಿಣಕ್ಕೆ ಕುದುರೆ, ಪಶ್ಚಿಮಕ್ಕೆ ಹುಂಜ. ಉಳಿದವುಗಳನ್ನು ಮಕ್ಕಳಿಗೆ ಹುಡುಕಲು ಬಿಡಿ. ಸಮುದ್ರದ ಗಾಳಿಗೆ ನಾಲ್ಕು ನೂರು ವರ್ಷ ಮೈಯೊಡ್ಡಿದ ಕೆತ್ತನೆ ಇದು. ಹತ್ತೇ ನಿಮಿಷದಲ್ಲಿ ನೋಡಿ ಮುಗಿಸುವಂಥದ್ದಲ್ಲ. ದೋಣಿಯ ಟಿಕೆಟನ್ನು ಇದಾದ ಮೇಲೆ ತೆಗೆದುಕೊಳ್ಳಿ.

ಬೇಲಿ ದಾಟಿ ಬಂಡೆಯ ಅಂಚಿಗೆ ಇಳಿಯಬೇಡಿ. ಈ ಕೊಲ್ಲಿಯ ದ್ವೀಪಗಳು ಅಲೆಗೆ ಸವೆಯುವ ಮೆದು ಕಲ್ಲಿನವು, ಅವುಗಳ ಮಣ್ಣನ್ನು ಹಿಡಿದಿಟ್ಟಿರುವುದು ಪೈನ್ ಮರಗಳ ಬೇರು. ಕೊಂಬೆ ಬಗ್ಗಿಸಬೇಡಿ, ಬೇರಿನ ಮೇಲೆ ನಿಲ್ಲಬೇಡಿ. ಸಮುದ್ರಹಕ್ಕಿಗಳಿಗೆ ತಿಂಡಿ ಎಸೆಯಬೇಡಿ: ಗುಂಪುಗೂಡಿದ ಹಕ್ಕಿಗಳ ಹಿಕ್ಕೆಯಿಂದ ಪೈನ್ ಮರಗಳು ಒಣಗತೊಡಗಿದ್ದರಿಂದಲೇ ಪ್ರವಾಸಿ ದೋಣಿಗಳಲ್ಲಿ ಆ ರೂಢಿಯನ್ನು ನಿಲ್ಲಿಸಲಾಯಿತು. ಮತ್ಸುಶಿಮಾದ ಸುಟ್ಟ ಸಿಂಪಿ ಬಹಳ ಹೆಸರುವಾಸಿ; ತಿನ್ನುವವರು ಅಂಗಡಿಯಲ್ಲೇ ತಿಂದು ಬನ್ನಿ. ಕಸವನ್ನು ಚೀಲದಲ್ಲಿಟ್ಟುಕೊಂಡು ವಾಪಸು ಒಯ್ಯಿರಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ವೀಡಿಯೊ ಕರೆಯಲ್ಲಿ ಊರಿನ ಅಜ್ಜಿಗೆ ಗುಡಿ ತೋರಿಸುವ ಆಸೆ ಸಹಜವೇ, ಆದರೆ ಸ್ಪೀಕರ್ ಹಾಕಿ ಮಾತಾಡಬೇಡಿ.

ಕೊನೆಯದು, ಜೀವಕ್ಕೆ ಸಂಬಂಧಿಸಿದ್ದು. 2011ರ ಮಾರ್ಚ್ 11ರ ಸುನಾಮಿ ಈ ದಡಕ್ಕೂ ಬಂದಿತ್ತು. ಕೊಲ್ಲಿಯ ತುಂಬ ಹರಡಿರುವ ದ್ವೀಪಗಳು ಅಲೆಯ ಬಲ ಮುರಿದದ್ದರಿಂದ ಗೊದಾಯ್ದೋ ಉಳಿಯಿತು. ಆದರೂ ಉಪ್ಪುನೀರು ಜುಯಿಗಾಂಜಿಯ ದಾರಿಯವರೆಗೂ ನುಗ್ಗಿ, ಅಲ್ಲಿಯ ಹಳೆಯ ಸೀಡರ್ ಮರಗಳಲ್ಲಿ ಬಹಳಷ್ಟು ಒಣಗಿ, ಅವನ್ನು ಕಡಿಯಬೇಕಾಯಿತು. ಗುಡಿಯ ಬಳಿ ಇರುವಾಗ ನೆಲ ಜೋರಾಗಿ ನಡುಗಿದರೆ ಕ್ಯಾಮೆರಾ ತೆಗೆಯಬೇಡಿ, ಸಮುದ್ರ ಹಿಂದೆ ಸರಿಯುತ್ತಿದೆಯೇ ಎಂದು ನೋಡುತ್ತ ನಿಲ್ಲಬೇಡಿ, ಹೋಟೆಲಿನ ಕೋಣೆಯಲ್ಲಿಟ್ಟ ಸಾಮಾನಿಗಾಗಿ ಓಡಬೇಡಿ. ನಡುಕ ನಿಂತೊಡನೆ ಸೇತುವೆ ದಾಟಿ, ಊರಿನವರು ಹೋಗುವ ಕಡೆಗೆ, ಫಲಕಗಳು ತೋರಿಸುವ ಎತ್ತರದ ಜಾಗಕ್ಕೆ ಹೋಗಿ. ಎಚ್ಚರಿಕೆ ಹಿಂತೆಗೆದುಕೊಂಡೆವೆಂದು ಅಧಿಕಾರಿಗಳು ಹೇಳುವವರೆಗೆ ದಡಕ್ಕೆ ಇಳಿಯಬೇಡಿ.